ಮನೆಯಲ್ಲೇ ಪೆಟ್ಟಿಗೆ ಕಟ್ಟಿ ಮರಿ ಮಾಡಿಸಿದವರ ಅನುಭವ ಬೇಕು

ಪೆರ್ಲದಿಂದ ಪ್ರಶ್ನೆ

ನಮ್ಮಲ್ಲಿ ಆರು ಊರ ಕೋಳಿಗಳಿವೆ. ಕಾವಿಗೆ ಕುಳಿತಿದ್ದ ಹೇಂಟೆಯನ್ನು ಕಳೆದ ತಿಂಗಳು ಕಾಡುಬೆಕ್ಕು ಹೊತ್ತೊಯ್ದಿತು, ಮೊಟ್ಟೆಗಳೆಲ್ಲ ತಣ್ಣಗಾಗಿ ಹಾಳಾದವು. ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಬಲ್ಬು ಇಟ್ಟು ಮನೆಯೊಳಗೇ ಮರಿ ಮಾಡಿಸೋಣ ಎಂದುಕೊಂಡಿದ್ದೇನೆ. ಮನೆಯಲ್ಲಿ ಅತ್ತೆ, ಮಾವ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಮಳೆ ಹಿಡಿದರೆ ಕರೆಂಟು ಯಾವಾಗ ಇರುತ್ತದೆ, ಯಾವಾಗ ಹೋಗುತ್ತದೆ ಹೇಳಲಾಗದು. ಮಾಡಿ ನೋಡಿದವರು ತಿಳಿಸಿ.

ಮುಳ್ಳೇರಿಯದಿಂದ

ಖಂಡಿತ ಆಗುತ್ತದೆ ಅಕ್ಕ. ನಾನು ಮೂರು ವರ್ಷಗಳಲ್ಲಿ ಏಳು ಸಲ ಮೊಟ್ಟೆ ಇಟ್ಟಿದ್ದೇನೆ. ಮೊದಲ ಸಲ ಇಟ್ಟ ಹದಿನಾಲ್ಕರಲ್ಲಿ ಒಂದೂ ಮರಿಯಾಗಲಿಲ್ಲ. ಆ ಸಂಕಟ ನಿಮಗೆ ಬೇಡ, ಅದಕ್ಕೇ ಮೊದಲು ಅದನ್ನು ಹೇಳುತ್ತೇನೆ.

ಪೆಟ್ಟಿಗೆಯೊಳಗಿನ ಮಾಪಕ 37.5 ಡಿಗ್ರಿ ತೋರಿಸುತ್ತಿತ್ತು. ಇಪ್ಪತ್ತೆರಡನೆಯ ದಿನವೂ ಸದ್ದಿಲ್ಲ. ಸಂಶಯ ಬಂದು ಜ್ವರ ನೋಡುವ ಥರ್ಮಾಮೀಟರನ್ನು ಪಕ್ಕದಲ್ಲಿಟ್ಟರೆ 39.6! ಮೂರು ವಾರ ಆ ಮೊಟ್ಟೆಗಳು ಬೇಯುತ್ತಿದ್ದವು. ಒಂದೊಂದನ್ನೇ ಒಡೆದು ನೋಡಿದೆ. ಕೆಲವದರಲ್ಲಿ ಪುಟ್ಟ ಕಣ್ಣು ಮೂಡಿತ್ತು. ನನ್ನ ಮಗಳು ಅವನ್ನು ಬಾಳೆಯ ಬುಡದಲ್ಲಿ ಹೂಳಿ ದಾಸವಾಳ ಇಟ್ಟಳು. ಆದ್ದರಿಂದ ಮೊಟ್ಟೆ ಇಡುವ ಎರಡು ದಿನ ಮೊದಲೇ ಖಾಲಿ ಪೆಟ್ಟಿಗೆಯನ್ನು ಓಡಿಸಿ, ಜ್ವರದ ಥರ್ಮಾಮೀಟರಿನಿಂದ ತಾಳೆ ನೋಡಿ. ಪೆಟ್ಟಿಗೆಯಲ್ಲಿ ಚಿಕ್ಕ ಫ್ಯಾನ್ ಇದ್ದರೆ 37.5 ಇರಬೇಕು. ಫ್ಯಾನ್ ಇಲ್ಲದಿದ್ದರೆ ಬಿಸಿ ಮೇಲೆ ನಿಲ್ಲುತ್ತದೆ, ಆಗ ಮೊಟ್ಟೆಯ ಮೇಲ್ಮೈ ಮಟ್ಟದಲ್ಲಿ ಅಳೆದು 38.5ರ ಆಸುಪಾಸು ಇಡಬೇಕು. ನನ್ನ ಮಾತು ಕೇಳುವುದಾದರೆ ಹಳೆಯ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ಹಾಕಿಯೇ ಬಿಡಿ.

ಉಳಿದ ಸಾಮಾನು ಕಷ್ಟದ್ದಲ್ಲ. ಬಿಸಿ ನೋಡಿ ಬಲ್ಬನ್ನು ಆರಿಸಿ ಹಚ್ಚುವ ಚಿಕ್ಕ ಥರ್ಮೋಸ್ಟಾಟ್ ಒಂದು, 40 ವಾಟ್‌ನ ಹಳೆಯ ತಂತಿಯ ಬಲ್ಬು ಒಂದು. ಎಲ್‌ಇಡಿ ಬಲ್ಬಿನಿಂದ ಸಾಕಷ್ಟು ಶಾಖ ಬರುವುದಿಲ್ಲ. ಬಲ್ಬು ಥರ್ಮೋಕೋಲಿಗೆ ತಾಗಿದರೆ ಕರಗಿ ಬೆಂಕಿ ಹತ್ತೀತು, ಅದರ ಸುತ್ತ ಕಬ್ಬಿಣದ ಜಾಲರಿ ಕಟ್ಟಲೇಬೇಕು. ಗಾಳಿಗೆ ನಾಲ್ಕು ತೂತುಗಳಿರಲಿ.

ಮೊಟ್ಟೆಗಳನ್ನು ಏಳು ದಿನಕ್ಕಿಂತ ಹೆಚ್ಚು ಕೂಡಿಡಬೇಡಿ. ಚೂಪು ತುದಿ ಕೆಳಗೆ ಮಾಡಿ ತಂಪು ಕೋಣೆಯಲ್ಲಿಡಿ, ಫ್ರಿಜ್ಜಿನಲ್ಲಿ ಬೇಡ. ತೊಳೆಯಲೂ ಬಾರದು, ಸಿಪ್ಪೆಯ ಮೇಲಿನ ರಕ್ಷಣೆಯ ಪದರ ಹೋಗುತ್ತದೆ.

ಮನೆಯವರ ವಿಷಯಕ್ಕೆ ಬಂದರೆ, ನಾನು ಯಾವಾಗಲೂ ಶನಿವಾರ ಸಂಜೆ ಇಡುತ್ತೇನೆ. ಇಪ್ಪತ್ತೊಂದು ದಿನ ಎಂದರೆ ಸರಿಯಾಗಿ ಮೂರು ವಾರ, ಮರಿ ಹೊರಬರುವುದೂ ಶನಿವಾರದ ಆಸುಪಾಸಿಗೇ. ಮಕ್ಕಳು ಮನೆಯಲ್ಲಿರುತ್ತಾರೆ, ನನಗೂ ಡಬ್ಬಿ ಕಟ್ಟುವ ಅವಸರ ಇರುವುದಿಲ್ಲ. ಇಡುವ ಮೊದಲು ಆ ಮೂರು ವಾರಗಳಲ್ಲಿ ಮದುವೆ, ಪೂಜೆ, ನೇಮ ಏನಾದರೂ ಇದೆಯೇ ಎಂದು ಕ್ಯಾಲೆಂಡರ್ ನೋಡಿ.

ಮೊಟ್ಟೆ ಹೊರಳಿಸುವುದು ನಮ್ಮಲ್ಲಿ ಮಕ್ಕಳ ಕೆಲಸ. ಪೆನ್ಸಿಲಿನಲ್ಲಿ ಒಂದು ಬದಿಗೆ ಗುಣಾಕಾರದ ಗುರುತು, ಇನ್ನೊಂದು ಬದಿಗೆ ಸೊನ್ನೆ. ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು, ಸಂಜೆ ಬಂದ ಕೂಡಲೇ, ರಾತ್ರಿ ಮಲಗುವಾಗ, ಹೀಗೆ ಮೂರು ಸಲ. ಬೆಸ ಸಂಖ್ಯೆಯಾದರೆ ಒಂದೇ ಮಗ್ಗುಲು ಪ್ರತಿ ರಾತ್ರಿ ಮೇಲೆ ಉಳಿಯುವುದಿಲ್ಲ. ಮೊಬೈಲ್ ಚಾರ್ಜಿಗೆಂದು ಒಮ್ಮೆ ಮಗ ಪೆಟ್ಟಿಗೆಯ ಪ್ಲಗ್ಗನ್ನೇ ಕಿತ್ತಿದ್ದ. ಅಂದಿನಿಂದ ಆ ಸ್ವಿಚ್ಚಿನ ಮೇಲೆ ಟೇಪು ಅಂಟಿಸುತ್ತೇನೆ.

ಏಳನೆಯ ದಿನ ರಾತ್ರಿ ದೀಪ ಆರಿಸಿ, ಮೊಬೈಲ್ ಟಾರ್ಚಿನ ಮೇಲೆ ರಟ್ಟಿನ ಕೊಳವೆ ಇಟ್ಟು ಮೊಟ್ಟೆಯ ಅಗಲ ತುದಿಯನ್ನು ಅದಕ್ಕೆ ತಾಗಿಸಿ. ಮೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಒಳಗೆ ಜೇಡನಂತೆ ಹಬ್ಬಿದ ಕೆಂಪು ನರಗಳು, ನಡುವೆ ಒಂದು ಕಪ್ಪು ಚುಕ್ಕೆ. ಆ ಚುಕ್ಕೆ ಮಿಸುಕಿದಾಗ ನಮ್ಮ ಅತ್ತೆ ನನ್ನ ಕೈ ಹಿಡಿದುಕೊಂಡರು. ಎಪ್ಪತ್ತು ವರ್ಷದಿಂದ ಕೋಳಿ ಸಾಕಿದವರು, ಮೊಟ್ಟೆಯೊಳಗೆ ಜೀವ ಆಡುವುದನ್ನು ಅಂದೇ ಮೊದಲು ನೋಡಿದ್ದು. ನರಗಳಿಲ್ಲದೆ ತಿಳಿಯಾಗಿದ್ದರೆ ಬೀಜವಿಲ್ಲದ ಮೊಟ್ಟೆ, ತೆಗೆದುಬಿಡಿ. ಬರೀ ರಕ್ತದ ಬಳೆ ಕಂಡರೆ ಭ್ರೂಣ ಸತ್ತಿದೆ ಎಂದರ್ಥ.

ಗುಡುಗಿಗೆ ಮೊಟ್ಟೆ ಕೆಡುತ್ತದೆ ಎಂದು ಅತ್ತೆ ಪೆಟ್ಟಿಗೆಯ ಹತ್ತಿರ ಕಬ್ಬಿಣದ ಮೊಳೆ ಇಡುತ್ತಾರೆ, ನಾನು ತೆಗೆಯುವುದಿಲ್ಲ. ಆದರೆ ಗುಡುಗಿದಾಗ ನಮ್ಮ ಮಾವ ಮೈನ್ ಸ್ವಿಚ್ಚನ್ನೇ ಆರಿಸುತ್ತಾರೆ. ಒಮ್ಮೆ ಹನ್ನೆರಡನೆಯ ದಿನ ಹಾಗೆ ಐದು ಗಂಟೆ ಕರೆಂಟಿಲ್ಲ. ಬಾಟಲಿಗಳಲ್ಲಿ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಒಳಗಿಟ್ಟು, ತೂತು ಮುಚ್ಚದಂತೆ ಕಂಬಳಿ ಹೊದಿಸಿದೆ. 31 ಡಿಗ್ರಿಗೆ ಇಳಿದಿತ್ತು. ಹದಿನೆಂಟರಲ್ಲಿ ಹದಿನೈದು ಮರಿಗಳು, ಒಂದು ದಿನ ತಡವಾಗಿ ಬಂದವು. ಕೆಲವು ಗಂಟೆಗಳ ಚಳಿಯನ್ನು ಮೊಟ್ಟೆ ತಾಳುತ್ತದೆ, ಅತಿ ಬಿಸಿಯನ್ನು ತಾಳುವುದಿಲ್ಲ. ಇದೊಂದು ನೆನಪಿದ್ದರೆ ಕರೆಂಟಿನ ಹೆದರಿಕೆ ಅರ್ಧ ಕಡಿಮೆ.

ಇನ್ನು ನೀರು. ಎಲ್ಲರೂ ಪೆಟ್ಟಿಗೆಯಲ್ಲಿ ನೀರಿನ ಬಟ್ಟಲು ಇಡಿ ಎನ್ನುತ್ತಾರೆ. ನಮ್ಮ ಮಳೆಗಾಲಕ್ಕೆ ಆ ಮಾತು ಹೊಂದುವುದಿಲ್ಲ. ಹೊರಗೆ 26 ಡಿಗ್ರಿಯಲ್ಲಿ ಶೇಕಡಾ 90 ತೇವ ಇರುವ ಗಾಳಿ ಪೆಟ್ಟಿಗೆಯೊಳಗೆ 37.5ಕ್ಕೆ ಕಾದಾಗ ಹೆಚ್ಚುಕಡಿಮೆ ಶೇಕಡಾ 47ಕ್ಕೆ ಇಳಿಯುತ್ತದೆ. ಮೊದಲ ಹದಿನೆಂಟು ದಿನಗಳಿಗೆ ಬೇಕಾದದ್ದು 50ರ ಆಸುಪಾಸು, ಅಂದರೆ ಏನೂ ಇಡದೆ ಸಾಕು. ಒಂದು ಜುಲೈಯಲ್ಲಿ ನಾನು ಎರಡು ಬಟ್ಟಲು ಇಟ್ಟೆ, ಪೂರ್ತಿ ಬೆಳೆದ ಆರು ಮರಿಗಳು ಸಿಪ್ಪೆಯೊಳಗೇ ಸತ್ತವು. ಒಡೆದಾಗ ಒಳಗೆ ನೀರು ನಿಂತಿತ್ತು. ಈಗ ಅಡುಗೆಮನೆಯ ತಕ್ಕಡಿಯಲ್ಲಿ ಹತ್ತು ಮೊಟ್ಟೆ ಒಟ್ಟಿಗೆ ತೂಗುತ್ತೇನೆ. ಮೊದಲ ದಿನ 450 ಗ್ರಾಂ ಇದ್ದದ್ದು ಹದಿನೆಂಟನೆಯ ದಿನ ಸುಮಾರು 395ಕ್ಕೆ ಬಂದರೆ ತೇವ ಸರಿಯಾಗಿದೆ.

ಹದಿನೆಂಟನೆಯ ದಿನ, ಶನಿವಾರ ಇಟ್ಟದ್ದಾದರೆ ಬುಧವಾರ, ಹೊರಳಿಸುವುದನ್ನು ನಿಲ್ಲಿಸಿ. ಆಗ ನೀರು ಇಡಿ, ತೇವ 65ರಿಂದ 70ಕ್ಕೆ ಏರಲಿ. ತಳಕ್ಕೆ ಹತ್ತಿಬಟ್ಟೆ ಹಾಸಿ. ನುಣುಪು ಕಾಗದದ ಮೇಲೆ ಮರಿಯ ಕಾಲು ಜಾರಿ ಅಗಲವಾಗಿಬಿಡುತ್ತದೆ. ಆಮೇಲೆ ಮುಚ್ಚಳ ತೆಗೆಯಬೇಡಿ. ಮೊದಲು ಸಿಪ್ಪೆಯೊಳಗಿಂದ ಚಿಂವ್ ಎನ್ನುವುದು ಕೇಳುತ್ತದೆ, ಆಮೇಲೆ ಸಾಸಿವೆಯಷ್ಟು ಒಂದು ಬಿರುಕು. ಅಲ್ಲಿಂದ ಹೊರಬರಲು ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆ ಹಿಡಿಯುತ್ತದೆ. ಪಾಪ ಎಂದು ಸಿಪ್ಪೆ ಬಿಡಿಸಲು ಹೋಗಬೇಡಿ. ಒಳಪೊರೆಯ ನರಗಳಲ್ಲಿ ಇನ್ನೂ ರಕ್ತ ಓಡುತ್ತಿರುತ್ತದೆ. ನಾನು ಬಿಡಿಸಿದ ಒಂದು ಮರಿ ನನ್ನ ಅಂಗೈಯಲ್ಲೇ ರಕ್ತ ಹರಿದು ಸತ್ತಿತು. ಹೊರಬಂದ ಮರಿಗೆ ಎರಡು ದಿನ ಹಸಿವಿನ ಚಿಂತೆಯಿಲ್ಲ, ಹೊಟ್ಟೆಯೊಳಗೆ ಹಳದಿಯ ಬುತ್ತಿ ಇರುತ್ತದೆ. ಮೈ ಒಣಗಿ ಉಬ್ಬಿದ ಮೇಲೆ ತೆಗೆಯಿರಿ.

ಅಕ್ಕಲಕೋಟೆಯಿಂದ

ಮುಳ್ಳೇರಿಯದ ತಂಗಿ ನೀರಿನ ಬಗ್ಗೆ ಹೇಳಿದ್ದು ಅವರ ನಾಡಿಗೆ ಸರಿ, ನಮ್ಮ ಸೊಲ್ಲಾಪುರದ ಕಡೆಗೆ ತದ್ವಿರುದ್ಧ. ಏಪ್ರಿಲ್‌ನಲ್ಲಿ ಗಾಳಿ ಒಣ ಕಟ್ಟಿಗೆಯಂತಿರುತ್ತದೆ. ಇಲ್ಲಿ ನೀರಿಲ್ಲದೆ ಇಟ್ಟ ಜವಾರಿ ಮೊಟ್ಟೆಗಳಲ್ಲಿ ಒಳಪೊರೆ ಮರಿಯ ಮೈಗೆ ಅಂಟಿಕೊಂಡು ಒಣಗಿತ್ತು. ಮೊದಲ ದಿನದಿಂದಲೇ ಅಗಲ ಬಾಯಿಯ ತಟ್ಟೆಯಲ್ಲಿ ನೀರಿಡುತ್ತೇನೆ; ತಟ್ಟೆ ಆಳವಿದ್ದರೆ ಪ್ರಯೋಜನವಿಲ್ಲ, ಅಗಲವೇ ಮುಖ್ಯ. ತೇವದ ಮಾಪಕವನ್ನೂ ಪರೀಕ್ಷಿಸಬಹುದು. ಒಂದು ಮುಚ್ಚಳದಲ್ಲಿ ಹಸಿ ಮಾಡಿದ ಉಪ್ಪು ಇಟ್ಟು, ಮಾಪಕದೊಂದಿಗೆ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ, ಎಂಟು ಗಂಟೆ ಬಿಡಿ. ಅದು ಶೇಕಡಾ 75 ತೋರಿಸಬೇಕು. ನನ್ನದು 68 ತೋರಿಸುತ್ತಿತ್ತು, ಈಗ ಏಳು ಕೂಡಿಸಿ ಓದುತ್ತೇನೆ.

ಮತ್ತೊಂದು ಮಾತು: ಗಿರಿರಾಜದಂಥ ಮಿಶ್ರತಳಿಯ ಮೊಟ್ಟೆ ಇಟ್ಟು ತಾಯಿಯಂಥದೇ ಮರಿ ಬರುತ್ತದೆಂದು ಕಾಯಬೇಡಿ. ನಿಮ್ಮ ಆರು ಊರ ಕೋಳಿಗಳೇ ಒಳ್ಳೆಯವು, ಜೊತೆಗೊಂದು ಒಳ್ಳೆಯ ಹುಂಜ ಇರಲಿ.

ತಾಳವಾಡಿಯಿಂದ

ಅಕ್ಕ, ನಿಮ್ಮಲ್ಲಿ ಇನ್ನೊಂದು ಹೇಂಟೆ ಕಾವಿಗೆ ಕುಳಿತರೆ ಅದನ್ನು ಮನೆಯೊಳಗೆ ಕುಕ್ಕೆಯಲ್ಲಿ ಕೂರಿಸಿ, ಪೆಟ್ಟಿಗೆಗೆ ಮೊಟ್ಟೆ ಇಟ್ಟ ದಿನವೇ ಅದಕ್ಕೂ ನಾಲ್ಕು ಮೊಟ್ಟೆ ಕೊಡಿ. ನಾವು ನಾಟಿ ಕೋಳಿಗೆ ಹೀಗೆಯೇ ಮಾಡುತ್ತೇವೆ. ಎರಡೂ ಕಡೆ ಒಂದೇ ದಿನ ಮರಿಯಾಗುತ್ತವೆ. ಕತ್ತಲಾದ ಮೇಲೆ ಪೆಟ್ಟಿಗೆಯ ಮರಿಗಳನ್ನು ಒಂದೊಂದಾಗಿ ಅದರ ರೆಕ್ಕೆಯಡಿ ಸೇರಿಸಿ. ಹಗಲಿನಲ್ಲಿ ಬಿಟ್ಟರೆ ಕುಕ್ಕುತ್ತದೆ, ರಾತ್ರಿ ಸೇರಿಸಿದರೆ ಸಾಮಾನ್ಯವಾಗಿ ತನ್ನವೇ ಎಂದುಕೊಳ್ಳುತ್ತದೆ.

ಹೇಂಟೆ ಇಲ್ಲದಿದ್ದರೆ ಮೊದಲ ವಾರ ಬಲ್ಬಿನಡಿ 33-34 ಡಿಗ್ರಿ ಇರಲಿ, ವಾರಕ್ಕೆ ಮೂರರಂತೆ ಇಳಿಸಿ. ಮರಿಗಳು ಬಲ್ಬಿನಡಿ ಒತ್ತಿಕೊಂಡರೆ ಚಳಿ, ಬಾಯಿ ತೆರೆದು ದೂರ ಸರಿದರೆ ಸೆಕೆ. ಒಂದು ವಾರ ತುಂಬುವ ಮೊದಲೇ ಹತ್ತಿರದ ಮೃಗಾಸ್ಪತ್ರೆಯಲ್ಲಿ ಕೊಕ್ಕರೆ ರೋಗದ (ಕೋಳಿಗಳಿಗೆ ಬರುವ ರಾಣಿಖೇತ್ ರೋಗ) ಲಸಿಕೆ ಕೇಳಿ. ಹನಿ ಲಸಿಕೆ ಅದು, ಕಣ್ಣಿಗೋ ಮೂಗಿಗೋ ಒಂದು ಹನಿ. ಬಾಟಲಿ ತರುವಾಗ ಮಂಜುಗಡ್ಡೆ ಹಾಕಿದ ಫ್ಲಾಸ್ಕ್ ಒಯ್ಯಲು ಮರೆಯಬೇಡಿ, ದಾರಿಯಲ್ಲಿ ಬಿಸಿಯಾದರೆ ಅದು ಕೆಲಸ ಮಾಡುವುದಿಲ್ಲ.