ಯುರೋಪಿನ ಇಂಡಿಯನ್ ರೆಸ್ಟೋರೆಂಟಿನಲ್ಲಿ ನೀರುಳ್ಳಿ, ಬೆಳ್ಳುಳ್ಳಿ ಇಲ್ಲದ ಊಟ ಸಿಗುತ್ತದಾ?

ನೀರ್ಚಾಲು:
ಅಪ್ಪ ಅಮ್ಮನ ಜೊತೆ ಹತ್ತು ದಿನ ಪ್ಯಾರಿಸ್, ಮ್ಯೂನಿಕ್, ರೋಮ್‌ಗೆ ಹೋಗುವುದುಂಟು. ಇಬ್ಬರೂ ನೀರುಳ್ಳಿ, ಬೆಳ್ಳುಳ್ಳಿ, ಮೊಟ್ಟೆ ತಿನ್ನುವುದಿಲ್ಲ. ಅನ್ನ, ತೊವ್ವೆ, ಮೊಸರು ಸಿಕ್ಕಿದರೆ ಸಾಕು. ಹೋಟೆಲಿನಲ್ಲಿ ಏನೆಂದು ಕೇಳಬೇಕು? ಬಿಲ್ಲಿನಲ್ಲಿ ಏನಾದರೂ ನೋಡಿಕೊಳ್ಳಬೇಕಾ?

ಪೆರ್ಲ:
ಸಿಗುತ್ತದೆ, ಆದರೆ ಗ್ರೇವಿ ಕೇಳಬೇಡಿ. ನೀರುಳ್ಳಿ, ಟೊಮೆಟೊ, ಶುಂಠಿ, ಬೆಳ್ಳುಳ್ಳಿ ಬೇಯಿಸಿ ರುಬ್ಬಿದ ಒಂದು ದೊಡ್ಡ ಪಾತ್ರೆ ಮಸಾಲೆ ಮೊದಲೇ ತಯಾರಿರುತ್ತದೆ. ಆರ್ಡರ್ ಬಂದಾಗ ಅದರಿಂದ ಎರಡು ಸೌಟು ತೆಗೆದು ಪನೀರ್ ಹಾಕಿದರೆ ಒಂದು ಹೆಸರು, ಕಡಲೆ ಹಾಕಿದರೆ ಇನ್ನೊಂದು. "ನೀರುಳ್ಳಿ ಹಾಕಬೇಡಿ" ಎಂದರೆ ಮೇಲೆ ಉದುರಿಸುವುದನ್ನು ಮಾತ್ರ ಬಿಡುತ್ತಾರೆ, ಒಳಗಿನದ್ದು ಹಾಗೇ ಇರುತ್ತದೆ.

ಹಾಗಾಗಿ ಆರ್ಡರ್ ಬಂದ ಮೇಲೆ ಮಾಡುವಂಥದ್ದನ್ನೇ ಕೇಳಬೇಕು. ತೊಗರಿಬೇಳೆಯನ್ನು ಸಾಮಾನ್ಯವಾಗಿ ಅರಸಿನ, ಉಪ್ಪು ಹಾಕಿ ಬೇಯಿಸಿಟ್ಟು ಒಗ್ಗರಣೆಯನ್ನು ಆಮೇಲೆ ಕೊಡುತ್ತಾರೆ. "ಬೇಯಿಸಿದ ದಾಲ್‌ಗೆ ಬರೀ ಜೀರಿಗೆ ಒಗ್ಗರಣೆ" ಎನ್ನಿ, ಅದು ನಮ್ಮ ತೊವ್ವೆಗೆ ಹತ್ತಿರ. ದಾಲ್ ಮಖನಿಗೆ ಈ ದಾರಿ ಇಲ್ಲ, ಬೇಯುವಾಗಲೇ ಬೆಳ್ಳುಳ್ಳಿ ಬಿದ್ದಿರುತ್ತದೆ. ಜೀರಾ ರೈಸ್, ಜೀರಾ ಆಲೂ ಆಗಬಹುದು. ರಾಯಿತ ಬೇಡ, ಸಾದಾ ಮೊಸರು ಎಂದೇ ಹೇಳಿ.

ಅಡುಗೆಯವರು ಉತ್ತರ ಭಾರತದವರಾದರೆ "ಜೈನ್" ಎಂಬ ಒಂದು ಮಾತು ಸಾಕು. ಬಟಾಟೆ ತಿನ್ನುತ್ತೇವೆ ಎಂದು ಮಾತ್ರ ಸೇರಿಸಿ, ಇಲ್ಲದಿದ್ದರೆ ಅದನ್ನೂ ಬಿಡುತ್ತಾರೆ.

ನಾನ್ ಹಿಟ್ಟಿಗೆ ಕೆಲವು ಕಡೆ ಮೊಟ್ಟೆ ಹಾಕುತ್ತಾರೆ. 1169/2011 ನಂಬರಿನ ಯುರೋಪ್ ನಿಯಮದಂತೆ ಮೊಟ್ಟೆ, ಹಾಲು, ಸಾಸಿವೆ ಸೇರಿ 14 ಅಲರ್ಜಿ ಪದಾರ್ಥಗಳ ಮಾಹಿತಿ ಕೊಡಲೇಬೇಕು. ಜರ್ಮನಿಯ ಮೆನುಗಳಲ್ಲಿ ಹೆಚ್ಚಾಗಿ ಪದಾರ್ಥದ ಪಕ್ಕ ಅಕ್ಷರ ಅಥವಾ ಅಂಕಿ ಇರುತ್ತದೆ. ಅದರ ಅರ್ಥ ಹೋಟೆಲಿನಿಂದ ಹೋಟೆಲಿಗೆ ಬೇರೆ, ಕೊನೆಯ ಪುಟ ನೋಡಿ. ನೀರುಳ್ಳಿ, ಬೆಳ್ಳುಳ್ಳಿ ಆ 14ರಲ್ಲಿ ಇಲ್ಲ, ಬಾಯಿ ಬಿಟ್ಟೇ ಕೇಳಬೇಕು. ಸಮೋಸ, ಪಕೋಡ ಬೇಡವೇ ಬೇಡ. ಕೋಳಿ ಕರಿದ ಎಣ್ಣೆಯೇ ಆಗಿರಬಹುದು.

ಕುಂಬಳೆ:
ಪ್ಯಾರಿಸ್‌ನಲ್ಲಿ ಗಾರ್ ದ್ಯು ನಾರ್ ಸ್ಟೇಷನ್ನಿನಿಂದ ಲಾ ಶಾಪೆಲ್‌ಗೆ ನಡೆದೇ ಹೋಗಬಹುದು. ಶ್ರೀಲಂಕಾ ತಮಿಳರ ಅಂಗಡಿ, ಹೋಟೆಲುಗಳು ಸಾಲಾಗಿ ಉಂಟು. ಇಡ್ಲಿ, ದೋಸೆ ಸಿಗುತ್ತದೆ, ಅಷ್ಟಿಷ್ಟು ತಮಿಳು ಬಂದರೆ ಕೆಲಸ ಸಲೀಸು. ಆದರೆ ದಕ್ಷಿಣದ ಅಡುಗೆ ಎಂದು ಮೈಮರೆಯಬೇಡಿ. ಅವರ ಸಾಂಬಾರಿಗೆ ಚಿಕ್ಕ ನೀರುಳ್ಳಿ, ರಸಂಗೆ ಜಜ್ಜಿದ ಬೆಳ್ಳುಳ್ಳಿ ಬೀಳುತ್ತದೆ. ನಮ್ಮ ಸಾರು ಅಂದುಕೊಂಡು ಹಿರಿಯರು ಅಲ್ಲೇ ತಪ್ಪುತ್ತಾರೆ. ಮಸಾಲೆ ದೋಸೆಯ ಪಲ್ಯದಲ್ಲೂ ನೀರುಳ್ಳಿ ಇರುತ್ತದೆ. ಸಾದಾ ದೋಸೆ, ಮೊಸರು ತೆಗೆದುಕೊಳ್ಳಿ, ಚಟ್ನಿಯನ್ನು ಕೇಳಿ ಹಾಕಿಸಿಕೊಳ್ಳಿ.

ಮಂಜೇಶ್ವರ:
ಹೊತ್ತು ಮುಖ್ಯ. ಮಧ್ಯಾಹ್ನ ಎರಡೂವರೆಗೆ ಒಲೆ ಆರಿಸಿದರೆ ಸಂಜೆ ಆರಕ್ಕೆ, ಫ್ರಾನ್ಸಿನಲ್ಲಿ ಹೆಚ್ಚಾಗಿ ಏಳಕ್ಕೆ ಮತ್ತೆ ಶುರು. ತೆರೆದ ಕೂಡಲೇ ಹೋಗಿ. ಗಿರಾಕಿ ತುಂಬಿದ ಮೇಲೆ ಬೇರೆ ಒಗ್ಗರಣೆ ಕೊಡಲು ಯಾರಿಗೂ ಪುರುಸೊತ್ತಿಲ್ಲ. ಜರ್ಮನಿಯಲ್ಲಿ ಸೋಮವಾರ ಬಾಗಿಲು ಹಾಕುವವರು ಬಹಳ, ಫೋನ್ ಮಾಡಿ ಹೊರಡಿ.

ಫ್ರಾನ್ಸಿನಲ್ಲಿ "ಕರಾಫ್ ದೋ" ಎಂದರೆ ಊಟದ ಜೊತೆ ನಲ್ಲಿ ನೀರು ಪುಕ್ಕಟೆ. ಜರ್ಮನಿಯಲ್ಲಿ ನೀರಿಗೆ ದುಡ್ಡು, "ಸ್ಟಿಲ್" ಎನ್ನದಿದ್ದರೆ ಸೋಡಾ ಬರುತ್ತದೆ. ಇಟಲಿಯ ಬಿಲ್ಲಿನಲ್ಲಿ "ಕೊಪೆರ್ತೊ" ಎಂದಿದ್ದರೆ ಅದು ತಲೆಗಿಷ್ಟು ಎಂದು ಮೇಜಿನ ದುಡ್ಡು. ಜರ್ಮನಿಯಲ್ಲಿ ಕರಿಯ ಜೊತೆ ಅನ್ನ ಸಾಮಾನ್ಯವಾಗಿ ಸೇರಿಯೇ ಬರುತ್ತದೆ, ಉಳಿದ ಕಡೆ ಬೇರೆ ತೆರಬೇಕಾಗಬಹುದು.

ನೀರ್ಚಾಲು:
ತುಂಬಾ ಉಪಕಾರ. ತುಪ್ಪ, ಕರಿಬೇವು, ತೆಂಗಿನಕಾಯಿ ಕೊಂಡುಹೋಗಬಹುದಾ?

ಪೆರ್ಲ:
ತುಪ್ಪ ಬಿಡುವುದಿಲ್ಲ. ಹೊರದೇಶದಿಂದ ಪ್ರಯಾಣಿಕರು ಹಾಲಿನ ಉತ್ಪನ್ನ ತರುವಂತಿಲ್ಲ, ಪೇಡವೂ ಅದರಲ್ಲೇ ಬಂತು. ಕರಿಬೇವಿಗೆ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಬೇಕು. ಆ ಸರ್ಟಿಫಿಕೇಟಿನಿಂದ ವಿನಾಯಿತಿ ಇರುವುದು ಐದೇ ಹಣ್ಣುಗಳಿಗೆ: ಅನಾನಸು, ಬಾಳೆ, ತೆಂಗು, ಖರ್ಜೂರ, ದುರಿಯನ್. ಆದರೆ ಕೊಬ್ಬರಿ ಬೇಡ. ತಾನಾಗಿ ಬಿಸಿಯೇರಿ ಉರಿಯಬಹುದಾದ ವಸ್ತುಗಳ ಪಟ್ಟಿಯಲ್ಲಿ ಅದು ಉಂಟು, ವಿಮಾನ ನಿಲ್ದಾಣದಲ್ಲೇ ತೆಗೆಸುತ್ತಾರೆ. ಹಪ್ಪಳ, ಉಪ್ಪಿನಕಾಯಿ, ಸಾರಿನ ಪುಡಿ ಧಾರಾಳ ಕಟ್ಟಿಕೊಳ್ಳಿ. ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಇಡಬೇಡಿ.