ಬಿಎ ಓದುವಾಗಲೇ ಮನಃಶಾಸ್ತ್ರದಲ್ಲಿ ಸಂಶೋಧನೆ: ಮಾರ್ಗದರ್ಶಕರನ್ನು ಏನೆಂದು ಕೇಳಬೇಕು?

ವಿದ್ಯಾರ್ಥಿನಿ, ವಿಜಯಪುರ

ಎಲ್ಲರಿಗೂ ನಮಸ್ಕಾರ. ನಾನು ಬಿಎ ಅಂತಿಮ ವರ್ಷದಲ್ಲಿ ಮನಃಶಾಸ್ತ್ರ ಓದುತ್ತಿದ್ದೇನೆ. ಪರೀಕ್ಷೆ ಹತ್ತಿರವಾದಂತೆ ನಮ್ಮ ಹಾಸ್ಟೆಲ್ಲಿನ ಹುಡುಗಿಯರು ನಿದ್ದೆಗೆಟ್ಟು ಕುಗ್ಗಿ ಹೋಗುವುದನ್ನು ಮೂರು ವರ್ಷಗಳಿಂದ ನೋಡುತ್ತಿರುವ ನನಗೆ, ನಿದ್ದೆಗೂ ಮನಸ್ಸಿನ ಸ್ಥಿತಿಗೂ ಇರುವ ನಂಟನ್ನು ಕ್ರಮಬದ್ಧವಾಗಿ ಅಧ್ಯಯನ ಮಾಡಬೇಕೆನಿಸಿದೆ. ಸಂಶೋಧನೆಯೆಂದರೆ ಎಂಎ ಆದಮೇಲಿನ ಮಾತು ಎನ್ನುತ್ತಾರೆ. ಈಗಲೇ ಅಧ್ಯಾಪಕರ ಮಾರ್ಗದರ್ಶನ ಕೇಳಬಹುದೇ?

ಅಧ್ಯಾಪಕಿ, ಬಾಗಲಕೋಟೆ

ಅವಶ್ಯವಾಗಿ ಕೇಳಬಹುದು, ತಂಗಿ. ಯುಜಿಸಿಯ 2022ರ ನಾಲ್ಕು ವರ್ಷದ ಪದವಿ ಚೌಕಟ್ಟಿನಲ್ಲಿ ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ. 75 ಅಂಕ ಪಡೆದವರಿಗೆ ನಾಲ್ಕನೆಯ ವರ್ಷ ಸಂಶೋಧನೆಗೆ ಅವಕಾಶವಿದೆ. ಆದರೆ ನಮ್ಮ ರಾಜ್ಯ 2024ರಲ್ಲಿ ಮೂರು ವರ್ಷದ ಪದವಿಗೇ ಮರಳಿದ್ದರಿಂದ, ಇಲ್ಲಿ ಅಂಥ ಅವಕಾಶವನ್ನು ನಾವೇ ಕೇಳಿ ಪಡೆಯಬೇಕಾಗುತ್ತದೆ.

ನಿಮ್ಮ ವಿಷಯ ಒಳ್ಳೆಯದು, ಆದರೆ ಸೂಕ್ಷ್ಮವಾದದ್ದು. ಖಿನ್ನತೆಯ ಲಕ್ಷಣಗಳನ್ನು ಅಳೆಯಲು ಬಹಳ ಜನ ಬಳಸುವ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಉಚಿತವಾಗಿ ಸಿಗುತ್ತದೆ; ಕಳೆದ ಎರಡು ವಾರಗಳ ಬಗ್ಗೆ ಕೇಳುವ ಅದರ ಒಂಬತ್ತನೆಯ ಪ್ರಶ್ನೆ ಬದುಕೇ ಬೇಡವೆನಿಸುವ ವಿಚಾರದ್ದು. ಹೆಸರಿಲ್ಲದ ಹಾಳೆಯಲ್ಲಿ ಒಬ್ಬ ಹುಡುಗಿ ಅದಕ್ಕೆ ‘ಇಲ್ಲವೇ ಇಲ್ಲ’ ಎಂಬುದನ್ನು ಬಿಟ್ಟು ಬೇರೆ ಉತ್ತರಕ್ಕೆ ಗುರುತು ಹಾಕಿದರೆ ಅವಳನ್ನು ಹುಡುಕುವುದು ಹೇಗೆ, ಹೆಸರು ಬರೆಸಿದರೆ ಗೌಪ್ಯತೆ ಕಾಯುವುದು ಹೇಗೆ ಎಂಬುದನ್ನು ಮೊದಲೇ ನಿರ್ಧರಿಸಿರಬೇಕು. ಮಾರ್ಗದರ್ಶಕರು ಬೇಕಾಗುವುದು ಮುಖ್ಯವಾಗಿ ಇಲ್ಲಿಯೇ. ಸಂಶೋಧನೆಯಿಂದ ಯಾರಿಗೂ ತೊಂದರೆಯಾಗದಂತೆ ನೋಡಿಕೊಳ್ಳುವ ನೈತಿಕ ಸಮಿತಿಯ ಅನುಮತಿಯನ್ನೂ ಅವರ ಮೂಲಕವೇ ಪಡೆಯಿರಿ, ಪ್ರತಿ ಹಾಳೆಯ ಕೆಳಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416 ಅಚ್ಚಾಗಿರಲಿ.

ಎಂಎ ವಿದ್ಯಾರ್ಥಿ, ಬೆಳಗಾವಿ

ಮೇಡಂ ಅವರ ಮಾತಿಗೆ ನನ್ನ ಅನುಭವದ್ದೊಂದು ಸೇರಿಸುತ್ತೇನೆ. ಪದವಿಯಲ್ಲಿದ್ದಾಗ ನಾನು ‘ನನಗೆ ಗೈಡ್ ಆಗಿ ಸರ್’ ಎಂದಷ್ಟೇ ಕೇಳಿದ್ದೆ, ಯಾರೂ ಒಪ್ಪಲಿಲ್ಲ. ಪ್ರಶ್ನೆ ಏನು, ಯಾರನ್ನು ಕೇಳುತ್ತೇನೆ, ಎಷ್ಟು ವಾರ ಬೇಕು ಎಂದು ಒಂದು ಪುಟ ಬರೆದುಕೊಂಡು ಹೋದ ದಿನವೇ ಸರ್ ಒಪ್ಪಿದರು. ಸಂಖ್ಯೆಯನ್ನೂ ಬರೆಯಿರಿ: ಎರಡು ಅಂಶಗಳ ನಡುವೆ 0.3ರಷ್ಟು ಸಹಸಂಬಂಧ (ಒಂದು ಬದಲಾದಂತೆ ಇನ್ನೊಂದೂ ಬದಲಾಗುವ ನಂಟಿನ ಅಳತೆ) ಇದ್ದರೆ ಅದನ್ನು ಶೇ. 80 ಭರವಸೆಯಿಂದ ಗುರುತಿಸಲು ಸುಮಾರು 85 ಜನ ಬೇಕು. ಲೆಕ್ಕಾಚಾರಕ್ಕೆ ಜಮೋವಿ ಎಂಬ ಉಚಿತ ತಂತ್ರಾಂಶ ಸಾಕು.

ಇನ್ನು ಭಾಷೆ. ‘ಖಿನ್ನತೆ’ ಎಂದರೆ ನಮ್ಮ ಕಡೆಯ ಎಷ್ಟೋ ಹುಡುಗಿಯರಿಗೆ ಅದು ಪುಸ್ತಕದ ಮಾತು. ‘ಬ್ಯಾಸರ ಆಗ್ಯದ’ ಎಂದರೆ ದುಃಖವೂ ಆಗಬಹುದು, ಸುಮ್ಮನೆ ಹೊತ್ತು ಹೋಗದಿರುವುದೂ ಆಗಬಹುದು. ಹಾಗೆಂದು ಪ್ರಶ್ನೆಗಳನ್ನು ನಾವೇ ತಿದ್ದಿದರೆ ಅಳತೆಯೇ ಬದಲಾಗುತ್ತದೆ. ಆದ್ದರಿಂದ ಮೊದಲು ಏಳೆಂಟು ಜನರಿಗೆ ಓದಿಸಿ, ಪ್ರತಿ ಪ್ರಶ್ನೆಯಿಂದ ಏನು ತಿಳಿಯಿತೆಂದು ಅವರ ಮಾತಿನಲ್ಲೇ ಬರೆದುಕೊಂಡು, ಆ ಟಿಪ್ಪಣಿಯನ್ನು ಮಾರ್ಗದರ್ಶಕರಿಗೆ ತೋರಿಸಿ.

ವಿದ್ಯಾರ್ಥಿನಿ, ವಿಜಯಪುರ

ಮೇಡಂ, ಅಣ್ಣಾ, ಇಬ್ಬರಿಗೂ ಕೃತಜ್ಞಳಾಗಿದ್ದೇನೆ. ಸೋಮವಾರ ಒಂದು ಪುಟ ಬರೆದು ನಮ್ಮ ಮೇಡಂ ಅವರಿಗೆ ಕೊಡುತ್ತೇನೆ. ಮೊದಲ ವರ್ಷದ ಕೆಲವರಿಗೆ ಇನ್ನೂ 18 ತುಂಬಿಲ್ಲ, ಅವರನ್ನು ಸೇರಿಸಿಕೊಳ್ಳಬಹುದೇ?

ಅಧ್ಯಾಪಕಿ, ಬಾಗಲಕೋಟೆ

ಅವರ ಸಮ್ಮತಿಯ ಜೊತೆಗೆ ಹೆತ್ತವರ ಲಿಖಿತ ಒಪ್ಪಿಗೆಯೂ ಬೇಕು. ಕಬ್ಬು ಕಡಿಯಲು ಊರು ಬಿಟ್ಟು ಹೋದವರ ಸಹಿ ಸೆಮಿಸ್ಟರ್ ಮುಗಿಯುವುದರೊಳಗೆ ಸಿಗುವುದು ಕಷ್ಟ. ಈ ಸಲ 18 ತುಂಬಿದವರನ್ನಷ್ಟೇ ತೆಗೆದುಕೊಂಡು, ಹಾಗೆ ಮಾಡಿದ್ದನ್ನು ವರದಿಯಲ್ಲಿ ಸ್ಪಷ್ಟವಾಗಿ ಬರೆಯಿರಿ.