ಸಹಾಯ ಬೇಕು: ಮಿಷಿಗನ್‌ನ ಹಳೇ ಕಾಲೇಜು ಕ್ರೀಡಾ ಒಕ್ಕೂಟದ ಚಾರ್ಟ್‌ಗೆ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಮಿಷಿಗನ್‌ನಲ್ಲಿ ಎಂಐಎಎ ಅನ್ನೋ ಸಣ್ಣ ಕಾಲೇಜುಗಳ ಕ್ರೀಡಾ ಒಕ್ಕೂಟ ಇದೆ. 1888ರಲ್ಲಿ ಶುರುವಾದದ್ದು, ಆ ದೇಶದಲ್ಲೇ ಅತಿ ಹಳೆಯದು. ಯಾವ ಕಾಲೇಜು ಯಾವಾಗ ಸೇರಿತು, ಯಾವಾಗ ಬಿಟ್ಟಿತು ಅಂತ ಕನ್ನಡದಲ್ಲಿ ಒಂದು ಚಾರ್ಟ್ ಮಾಡುತ್ತಿದ್ದೇನೆ.

ಶುರುವಿನಲ್ಲಿ ಇದ್ದದ್ದು ಆಲ್ಬಿಯನ್, ಆಲಿವೆಟ್, ಹಿಲ್ಸ್‌ಡೇಲ್ ಮತ್ತು ರಾಜ್ಯದ ಕೃಷಿ ಕಾಲೇಜು. ಆ ಕೃಷಿ ಕಾಲೇಜೇ ಇವತ್ತಿನ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿ! 1907ರಲ್ಲಿ ಒಕ್ಕೂಟ ಬಿಟ್ಟು, ಮುಂದೆ ದೊಡ್ಡ ಯೂನಿವರ್ಸಿಟಿಗಳ ಬಿಗ್ ಟೆನ್ ಸೇರಿತು. ಕಲಮಜೂ 1896ರಲ್ಲಿ ಬಂತು, ಹೋಪ್ 1926ರಲ್ಲಿ, ಕ್ಯಾಲ್ವಿನ್ 1953ರಲ್ಲಿ. ಹೋಪ್-ಕ್ಯಾಲ್ವಿನ್ ಬಾಸ್ಕೆಟ್‌ಬಾಲ್ ಅಂದರೆ ಅಲ್ಲಿ ಈಗಲೂ ಜನ ಮುಗಿಬೀಳುತ್ತಾರೆ. ಆಲಿವೆಟ್ ನಡುವೆ ಬಿಟ್ಟು ಮತ್ತೆ ಬಂದಿದ್ದರಿಂದ ಚಾರ್ಟ್‌ನಲ್ಲಿ ಅದರ ಗೆರೆ ತುಂಡಾಗುತ್ತದೆ. ನನಗೆ ಜಾಸ್ತಿ ಇಷ್ಟವಾದ ಗೆರೆ ಅದೇ.

ಮಿಷಿಗನ್‌ನಲ್ಲಿ ಇರುವವರು ಯಾರಾದರೂ ಈ ಕಾಲೇಜುಗಳ ಲೈಬ್ರರಿಗೆ ಹೋಗಬಲ್ಲಿರಾ? 1900ರಿಂದ 1960ರವರೆಗಿನ ಇಯರ್‌ಬುಕ್‌ಗಳಲ್ಲಿ ಕ್ರೀಡಾ ಪುಟಗಳ ಫೋಟೋ ತೆಗೆದು ಕಳಿಸಿದರೆ ಸಾಕು. ಆ ವರ್ಷ ಯಾರ ಜೊತೆ ಆಡಿದರು ಅನ್ನೋದು ಅಲ್ಲೇ ಇರುತ್ತದೆ, ಅಲ್ವಾ? ಪುಟದ ಜೊತೆ ಇಸವಿ ಕಾಣುವ ಹಾಗೆ ತೆಗೆಯಿರಿ. ಚಾರ್ಟ್ ಬಿಡಿಸೋಕೆ ಬರುವವರೂ ದಯವಿಟ್ಟು ಕೈ ಜೋಡಿಸಿ. ಕೆಳಗೆ ಕಾಮೆಂಟ್ ಹಾಕಿ, ನಾನೇ ಮೆಸೇಜ್ ಮಾಡುತ್ತೇನೆ.